ಕಕ್ಕಡದ ಮಳೆಯಲ್ಲಿ ವೈಬ್ರೇಟರ್ ಮುಚ್ಚಿಟ್ಟು ನಾನು ಪಟ್ಟ ಪಾಡು

ವೈಬ್ರೇಟರ್, ಅಂದರೆ ಲೈಂಗಿಕ ಸುಖಕ್ಕೆಂದು ಬಳಸುವ ಕಂಪಿಸುವ ಸಾಧನ, ಬಳಸುವ, ಇಲ್ಲವೇ ಕೊಳ್ಳೋಣವೆಂದು ಯೋಚಿಸುತ್ತಿರುವ ಹೆಂಗಸರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಕೊಡಗಿನ ಗೋಣಿಕೊಪ್ಪದ ಸುತ್ತಮುತ್ತ ಒಬ್ಬರಿಗೊಬ್ಬರು ಗುರುತಿಲ್ಲದವರೇ ಕಡಿಮೆ. ನನಗೆ 41 ವರ್ಷ. ಗಂಡನ ಕೆಲಸ ದೂರದಲ್ಲಿ, ವರ್ಷಕ್ಕೆ ಎರಡು ಸಲ ರಜೆಗೆ ಬರುತ್ತಾರೆ. ಇಂಥದ್ದೊಂದನ್ನು ಕೊಂಡದ್ದು ತಪ್ಪು ಅಂತ ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ತಪ್ಪಿದ್ದು ಆರಿಸಿಕೊಂಡ ಮಾಲಿನಲ್ಲಿ ಮತ್ತು ಅದನ್ನು ಬಚ್ಚಿಟ್ಟ ರೀತಿಯಲ್ಲಿ.

ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು. ಡಬ್ಬಿಯ ಮೇಲೆ ‘ಬಾಡಿ ಮಸಾಜರ್’ ಅಂತಷ್ಟೇ ಇತ್ತು, ಯಾವುದರಿಂದ ಮಾಡಿದ್ದು ಅನ್ನುವ ಒಂದಕ್ಷರವೂ ಇರಲಿಲ್ಲ. ಬಿಚ್ಚಿದ ಕೂಡಲೇ ಹೊಸ ರೇನ್‌ಕೋಟಿನ ವಾಸನೆ ಹೊಡೆಯಿತು. ಮುಟ್ಟಿದರೆ ಜೆಲ್ಲಿಯ ಹಾಗೆ ಮೆತ್ತಗೆ, ಸ್ವಲ್ಪ ಅಂಟು ಅಂಟು. ಆಗಲೇ ವಾಪಸ್ ಕಳಿಸಬೇಕಿತ್ತು. ಅಗ್ಗದ ಪಿವಿಸಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಎಂಬ ರಾಸಾಯನಿಕ ಬೆರೆಸುತ್ತಾರೆ, ಆ ವಾಸನೆ, ಆ ಅಂಟು ಇಂಥ ಬೆರಕೆಯ ಸೂಚನೆ ಇರಬಹುದು ಅಂತ ಆಮೇಲೆ ತಿಳಿಯಿತು. ಇಂಥ ಮೆತ್ತನೆಯ ಜೆಲ್ಲಿ ರಬ್ಬರ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳೂ ಇರುತ್ತವೆ. ಎಷ್ಟು ತೊಳೆದರೂ ಅದರೊಳಗೆ ಕೂತ ರೋಗಾಣು ಪೂರ್ತಿ ಹೋಗುವುದಿಲ್ಲ.

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ನಮ್ಮ ಕಡೆ ಮನೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಬಚ್ಚಲ ಒಲೆಯ ಶಾಖವಿಲ್ಲದೆ ಒಂದು ಬಟ್ಟೆಯೂ ಒಣಗುವುದಿಲ್ಲ. ಅತ್ತೆಯ ಕಣ್ಣಿಗೆ ಬೀಳಬಾರದಲ್ಲ ಎಂದು ನಾನು ಅದನ್ನು ತೊಳೆದವಳೇ ಒದ್ದೆಯಲ್ಲೇ ಪ್ಲಾಸ್ಟಿಕ್ ಕವರಿಗೆ ಸುತ್ತಿ, ಬೀರುವಿನಲ್ಲಿ ಸೀರೆಗಳ ಹಿಂದೆ ತುರುಕಿದೆ. ಮೂರು ವಾರ ಬಿಟ್ಟು ತೆಗೆದೆ. ಒರೆಸಿ ಬಳಸಿದೆ. ಕರೆಂಟ್ ಇರಲಿಲ್ಲ, ಸರಿಯಾಗಿ ನೋಡಲೂ ಇಲ್ಲ.

ಎರಡನೇ ದಿನ ತುರಿಕೆ. ಆ ವಸ್ತುವನ್ನು ಬೆಳಕಿಗೆ ಹಿಡಿದೆ. ಬುಡದ ಗೀರಿನಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿ ಕೂತಿದ್ದವು, ಉಗುರಿನಿಂದ ಕೆರೆದರೂ ಬರಲಿಲ್ಲ. ಸೆಲ್ ಹಾಕುವ ಮುಚ್ಚಳ ತಿರುಗಿಸಿದರೆ ಒಳಗೆ ಬಿಳಿ ಪುಡಿ ಗಟ್ಟಿಯಾಗಿ ಹತ್ತಿತ್ತು. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದು ನನಗೆ ತಾಗಲಿಲ್ಲ, ಪುಣ್ಯ.

ಇಷ್ಟಕ್ಕೇ ಡಾಕ್ಟರ ಬಳಿ ಹೋಗಿದ್ದರೆ ಸುಲಭದಲ್ಲಿ ಮುಗಿಯುತ್ತಿತ್ತು. ನಾನು ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರವವನ್ನು ನೀರಿಗೆ ಬೆರೆಸಿ ತೊಳೆದುಕೊಂಡೆ. ಉರಿ ಹತ್ತಿಕೊಂಡಿತು. ಮನೆಯಲ್ಲಿ ಯಾವಾಗಲೋ ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಗಳನ್ನು ನಾಲ್ಕು ದಿನ ನುಂಗಿದೆ. ಮೊಸರು ಒಡೆದಂಥ ಬಿಳಿ ಸ್ರಾವ ಶುರುವಾಯಿತು, ಮೂತ್ರಕ್ಕೆ ಕೂತರೆ ಕಣ್ಣಲ್ಲಿ ನೀರು. ಊರಿನ ಮೆಡಿಕಲ್‌ನವರು ಪರಿಚಯದವರು, ಕೇಳಲು ಬಾಯಿ ಬರಲಿಲ್ಲ. ಹತ್ತು ದಿನ ಹೀಗೇ ನರಳಿ, ಕೊನೆಗೆ ತಂಗಿಯ ಮನೆಗೆಂದು ಹೇಳಿ ತಿತಿಮತಿ, ಹುಣಸೂರು ದಾರಿಯಲ್ಲಿ ಮೈಸೂರಿನ ಬಸ್ ಹತ್ತಿದೆ. ಆ ದಾರಿಯ ಒಂದೊಂದು ಗುಂಡಿಯೂ ನೆನಪಿದೆ.

ಡಾಕ್ಟರ್ ಬಿಡಿಸಿ ಹೇಳಿದರು. ಯೋನಿಯೊಳಗೆ ತನ್ನದೇ ಆಮ್ಲತೆ ಇರುತ್ತದೆ, ಪಿಎಚ್ ಸುಮಾರು 3.8ರಿಂದ 4.5. ಅದನ್ನು ಕಾಯುವವು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ. ನಾನು ದ್ರವ ಹಾಕಿ, ಮಾತ್ರೆ ನುಂಗಿ ಅವುಗಳನ್ನೇ ಕೊಂದಿದ್ದೆ, ಖಾಲಿಯಾದ ಜಾಗದಲ್ಲಿ ಯೀಸ್ಟ್ ಎಂಬ ಶಿಲೀಂಧ್ರ ಬೆಳೆದಿತ್ತು. ಔಷಧಿ ಕೊಟ್ಟರು. ಎರಡು ವಾರದಲ್ಲಿ ಗುಣವಾಯಿತು.

ಹೆದರಿಸಲು ಬರೆಯುತ್ತಿಲ್ಲ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ವೈಬ್ರೇಟರ್ ಬಳಸಿದ ಹೆಂಗಸರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ತಮಗೆ ಯಾವ ತೊಂದರೆಯೂ ಆಗಿಲ್ಲ ಎಂದಿದ್ದಾರೆ. ಜಾಸ್ತಿ ಹೊತ್ತು, ಜೋರಾಗಿ ಬಳಸಿದರೆ ಜೋಮು ಹಿಡಿದಂತಾಗುವುದುಂಟು, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಇಳಿಯುವವರೆಗೆ ಬಿಟ್ಟುಬಿಡಿ.

ಕೊಳ್ಳುವುದಾದರೆ ಮೆಡಿಕಲ್ ಗ್ರೇಡ್ ಸಿಲಿಕೋನ್ ಅಥವಾ ಗಟ್ಟಿ ಎಬಿಎಸ್ ಪ್ಲಾಸ್ಟಿಕ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಇಂಥ ಸಾಧನಗಳಿಗೆಂದೇ 2021ರಲ್ಲಿ ಐಎಸ್‌ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ, ತಯಾರಕರು ಅದರ ಹೆಸರು ಹೇಳಿದ್ದಾರೆಯೇ ನೋಡಿ. ಬಳಸುವ ಮುಂಚೆಯೂ ಆಮೇಲೂ ಪರಿಮಳವಿಲ್ಲದ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು ಸಾಕು; ಮೋಟರಿನ ಭಾಗಕ್ಕೆ ನೀರು ಹೋಗದಂತೆ ನೋಡಿಕೊಳ್ಳಿ. ಜಾರಲು ನೀರಿನಂಶದ ಜೆಲ್ ಬಳಸಿ. ಸಿಲಿಕೋನ್ ಜೆಲ್ ಸಿಲಿಕೋನ್ ವಸ್ತುವನ್ನೇ ಹಾಳುಮಾಡಬಹುದು, ತೆಂಗಿನೆಣ್ಣೆ ಲ್ಯಾಟೆಕ್ಸ್ ಕಾಂಡೋಮನ್ನು ಹರಿಯುವಂತೆ ಮಾಡುತ್ತದೆ. ಹಿಂಬದಿಗೆ, ಅಂದರೆ ಗುದದ್ವಾರಕ್ಕೆ, ಬಳಸಿದ್ದನ್ನು ತೊಳೆಯದೆ ಮುಂದಕ್ಕೆ ತರಲೇಬೇಡಿ. ಬುಡ ಅಗಲವಿಲ್ಲದ್ದನ್ನು ಹಿಂಬದಿಗೆ ಬಳಸಲೂಬೇಡಿ, ಒಳಗೆ ಸರಿದರೆ ಆಸ್ಪತ್ರೆಯಲ್ಲೇ ತೆಗೆಸಬೇಕಾಗುತ್ತದೆ.

ಮಳೆಗಾಲದಲ್ಲಿ ಇಡುವ ಬಗೆ ಇದು: ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಪೂರ್ತಿ ಒಣಗಿಸಿ, ಸೆಲ್ ತೆಗೆದು, ಹತ್ತಿಬಟ್ಟೆಯ ಚೀಲದಲ್ಲಿಡಿ. ನಾನು ಜೊತೆಗೆ ಹೊಸ ಶೂ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಹಾಕುತ್ತೇನೆ. ಕಪ್ಪು ಚುಕ್ಕೆ, ಅಂಟು, ಬಿರುಕು ಕಂಡರೆ ಎಸೆಯಿರಿ, ಕೊಟ್ಟ ದುಡ್ಡಿನ ಮುಖ ನೋಡಬೇಡಿ.

ಜ್ವರ, ಕೆಳಹೊಟ್ಟೆ ನೋವು, ರಕ್ತ, ನಾರುವ ಸ್ರಾವ ಇದ್ದರೆ ಒಂದು ದಿನವೂ ಕಾಯಬೇಡಿ. ಡಾಕ್ಟರಿಗೆ ಏನು ಹೇಳುವುದೆಂದು ತೋಚದಿದ್ದರೆ ನಾನು ಹೇಳಿದ್ದನ್ನೇ ಹೇಳಿ: “ಮೇಡಂ, ವೈಬ್ರೇಟರ್ ಬಳಸಿದ ಮೇಲೆ ಉರಿ ಶುರುವಾಗಿದೆ.” ಬಸ್ಸಿನುದ್ದಕ್ಕೂ ಆ ಒಂದು ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಅವರು “ಎಷ್ಟು ದಿನ ಆಯ್ತಮ್ಮಾ?” ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡರು, ಅಷ್ಟೇ.