ಐದು ಜನ, ಮೂರು ಪತ್ರೊಡೆ

ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ಆಯಿತು. ಪುತ್ತೂರಿನಿಂದ ಬಂದಿದ್ದ ಇಬ್ಬರನ್ನೂ ಕರೆದುಕೊಂಡು ಇಂದಿರಾನಗರದ ಒಂದು ಫ್ಯೂಷನ್ ಹೋಟೆಲಿಗೆ ಹೋಗಿದ್ದೆವು. ನಾನು, ಹೆಂಡತಿ, ತಂಗಿ ಸೇರಿ ಒಟ್ಟು ಐದು ಜನ, ಎಲ್ಲರೂ ಸಸ್ಯಾಹಾರಿಗಳು. ಹೋಟೆಲಿನ ಹೆಸರು ಬರೆಯುತ್ತಿಲ್ಲ. ಹೋಗಿದ್ದು ಒಂದೇ ಸಲ, ಮೆಚ್ಚಿದ್ದೂ ಇದೆ ಬೇಜಾರಾಗಿದ್ದೂ ಇದೆ. ಇಂಥ ಜಾಗಕ್ಕೆ ಮನೆಯವರನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಊಟ ಅಂತ ಬೇರೆ ಇಲ್ಲ. ಎಲ್ಲವೂ ಸಣ್ಣ ಪ್ಲೇಟ್, ಮೇಜಿನ ಮಧ್ಯೆ ಇಟ್ಟು ಹಂಚಿಕೊಂಡು ತಿನ್ನಬೇಕು, ಸ್ಪೇನಿನವರ ತಾಪಾಸ್ ಇದ್ದ ಹಾಗೆ. ಅಡುಗೆ ಮಾತ್ರ ನಮ್ಮ ಕಡೆಯದಕ್ಕೆ ಹೊರಗಿನದನ್ನು ಸೇರಿಸಿ ಮಾಡಿದ್ದು. ಮೆನು ಓದಿದ ಕೂಡಲೇ ಅಪ್ಪ "ಇದೆಲ್ಲ ಬೆರಕೆ ಯಾಕೆ, ಅದನ್ನು ಅದರಷ್ಟಕ್ಕೆ ಮಾಡಿದರೆ ಆಗುವುದಿಲ್ವಾ?" ಅಂದರು. ತಂಗಿ ಬಿಡಲಿಲ್ಲ. "ಅಪ್ಪಾ, ನೀವು ಜಾತ್ರೆಯಲ್ಲಿ ಗೋಬಿ ಮಂಚೂರಿ ತಿನ್ನುತ್ತೀರಲ್ಲ, ಅದು ಯಾವ ಊರಿನದು ಹೇಳಿ?" ಅವಳು ಹೇಳಿದ್ದು ಸರಿಯೇ. ಮಂಚೂರಿಯನ್ ಅನ್ನುವುದನ್ನು 1975ರಲ್ಲಿ ಮುಂಬೈಯಲ್ಲಿ ನೆಲ್ಸನ್ ವಾಂಗ್ ಕೋಳಿಯಲ್ಲಿ ಶುರು ಮಾಡಿದ್ದು ಅಂತ ಹೇಳುತ್ತಾರೆ. ಆಮೇಲೆ ಅದು ಹೂಕೋಸಿಗೆ ಬಂತು, ಈಗ ನಮ್ಮ ಬೀದಿ ಬೀದಿಯಲ್ಲೂ ಇದೆ. ರುಚಿ ಕೂಡಿ ಬಂದರೆ ಬೆರಕೆ ಅನ್ನೋದು ಯಾರಿಗೂ ನೆನಪಿರುವುದಿಲ್ಲ.

ಮೊದಲು ಬಂದದ್ದು ಪತ್ರೊಡೆ, ಕೆಸುವಿನೆಲೆಗೆ ಮಸಾಲೆ ಹಿಟ್ಟು ಹಚ್ಚಿ ಸುತ್ತಿ ಹಬೆಯಲ್ಲಿ ಬೇಯಿಸುವ ನಮ್ಮ ಕಡೆಯ ತಿಂಡಿ. ಸುರುಳಿಯನ್ನು ತೆಳುವಾಗಿ ಬಿಲ್ಲೆ ಮಾಡಿ, ಕಾವಲಿಯಲ್ಲಿ ಎರಡೂ ಬದಿ ಗರಿಗರಿಯಾಗಿ ಕಾಯಿಸಿ, ಕೆಳಗೆ ನೀರು ಬಸಿದ ಗಟ್ಟಿ ಮೊಸರು ಹಚ್ಚಿ, ಮೇಲೆ ಎಳ್ಳು ಹಾಕಿದ ಮೆಣಸಿನೆಣ್ಣೆ ಸುರಿದಿದ್ದರು. ಪ್ಲೇಟಿನಲ್ಲಿ ಇದ್ದದ್ದು ಮೂರೇ ಬಿಲ್ಲೆ. ಅಮ್ಮ ಒಂದು ಮಾತೂ ಆಡದೆ ಚಾಕು ತೆಗೆದುಕೊಂಡು ಮೂರನ್ನೂ ಅರ್ಧ ಅರ್ಧ ಮಾಡಿ, ನಮಗೆಲ್ಲ ಒಂದೊಂದು ಹಾಕಿ, ಉಳಿದ ಒಂದು ಅರ್ಧವನ್ನು ಅಪ್ಪನ ತಟ್ಟೆಗೆ ದೂಡಿದರು. ಆಮೇಲೆ ತಮ್ಮದನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಾದರು. ಕೆಸುವಿನೆಲೆಗೆ ಹುಣಸೆಹುಳಿ ಕಮ್ಮಿ ಬಿದ್ದರೆ ಗಂಟಲು ತುರಿಸುತ್ತದೆ, ಅದಕ್ಕೇ ಕಾದದ್ದು. "ಹುಳಿ ಸರಿಯಾಗಿದೆ ಮಗಾ, ಮಾಡಿದವರಿಗೆ ಗೊತ್ತುಂಟು" ಅಂದರು. ಮಳೆಗಾಲ ಬಂತೆಂದರೆ ತಪ್ಪದೆ ಪತ್ರೊಡೆ ಮಾಡುವವರು ಅಮ್ಮ. ಅವರ ಬಾಯಿಂದ ಈ ಮಾತು ಬಂದಿದ್ದು ನನಗೆ ನಿಜಕ್ಕೂ ಖುಷಿ ಆಯಿತು.

ಎರಡನೆಯದು ಘೀ ರೋಸ್ಟ್ ಮಸಾಲೆಯ ಅಣಬೆ ತುಂಬಿದ ಬಾವ್ ಬನ್. ಇಡೀ ರಾತ್ರಿಯಲ್ಲಿ ನನಗೆ ಇದೇ ಎಲ್ಲಕ್ಕಿಂತ ಇಷ್ಟ ಆಗಿದ್ದು. ಘೀ ರೋಸ್ಟ್ ಕುಂದಾಪುರದ ಅಡುಗೆ, ಅಲ್ಲಿ ಅದನ್ನು ಕೋಳಿಯಲ್ಲಿ ಮಾಡುತ್ತಾರೆ, ಜೊತೆಗೆ ನೀರ್ ದೋಸೆ ಇರುತ್ತದೆ. ಹುರಿದ ಬ್ಯಾಡಗಿ ಮೆಣಸಿನ ಕೆಂಪು, ಹುಳಿ, ತುಪ್ಪ ಇಷ್ಟೂ ಜೋರಾಗಿರುವಾಗ ಪಕ್ಕದಲ್ಲಿ ಮೆತ್ತಗಿನ ಸಪ್ಪೆ ತಿಂಡಿಯೇ ಬೇಕು. ಚೀನಾದ ಬಾವ್ ಕೂಡ ಹಬೆಯಲ್ಲಿ ಬೇಯಿಸಿದ ಮೆತ್ತಗಿನ ಬನ್ನು, ಚೂರು ಸಿಹಿ. ಅದು ನೀರ್ ದೋಸೆಯ ಕೆಲಸವನ್ನೇ ಮಾಡಿತು. ಬನ್ನಿನ ಅಂಚಿಗೆ ತುಪ್ಪ ಕೆಂಪಗೆ ಇಳಿದಿತ್ತು, ತಂಗಿ ಬೆರಳು ನೆಕ್ಕಿದಳು.

ಆದರೆ ಎಲ್ಲ ಹೀಗೆ ಕೂಡಿಬರಲಿಲ್ಲ. ಬಿಸಿಬೇಳೆಬಾತನ್ನು ಉಂಡೆ ಮಾಡಿ ಕರಿದು, ಇಟಲಿಯವರ ಕರಿದ ಅನ್ನದುಂಡೆಯ ಹಾಗೆ ಅರಾಂಚಿನಿ ಅಂತ ಕೊಟ್ಟರು. ಬಿಸಿಬೇಳೆಬಾತ್ ಸಡಿಲವಾಗಿ, ಚಮಚದಿಂದ ಜಾರುವ ಹಾಗಿರಬೇಕು, ಅಲ್ವಾ? ಉಂಡೆ ಕಟ್ಟಬೇಕೆಂದರೆ ಒಣಗಿಸಲೇಬೇಕು. ಒಣಗಿಸಿದರೆ ಅದರ ಜೀವವೇ ಹೋಯಿತು. ಕಡಕ್ ಜೋಳದ ರೊಟ್ಟಿಯಲ್ಲಿ ಎಣಗಾಯಿ ತುಂಬಿದ ಟಾಕೊ ಒಳ್ಳೆ ಯೋಚನೆ, ರೊಟ್ಟಿ ಕಟುಂ ಅಂತ ಮುರಿಯುವಾಗ ಹಿತವಾಗಿತ್ತು. ಆದರೆ ಮೇಲೆ ಅಷ್ಟೊಂದು ಚೀಸ್ ಯಾಕೆ ಸುರಿಯಬೇಕು? ಗುರೆಳ್ಳಿನ ವಾಸನೆ ಅದರಡಿ ಮುಚ್ಚಿಹೋಯಿತು. ಉಳಿದ ಪ್ಲೇಟುಗಳು ಪರವಾಗಿಲ್ಲ. ಕೊನೆಗೆ ಬಂದ ಫಿಲ್ಟರ್ ಕಾಫಿ ತಿರಮಿಸು (ಇಟಲಿಯವರ ಕಾಫಿ, ಕೆನೆಯ ಸಿಹಿತಿಂಡಿ) ಚೆನ್ನಾಗಿತ್ತು, ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್ನಿನ ಕಹಿ ಕೆನೆಯ ಮಧ್ಯೆ ಎದ್ದು ಬರುತ್ತಿತ್ತು. ಅಪ್ಪ ಎರಡನೇ ಸಲ ಚಮಚ ಹಾಕಿದ್ದು ಅದಕ್ಕೆ ಮಾತ್ರ.

ಈಗ ಬೇಜಾರಿನ ವಿಷಯ. ಪತ್ರೊಡೆ ಮೂರು, ಬಾವ್ ಎರಡು, ಅರಾಂಚಿನಿ ನಾಲ್ಕು. ನಾವು ಕೂತಿದ್ದು ಐದು ಜನ. ಆರ್ಡರ್ ತೆಗೆದುಕೊಂಡ ಹುಡುಗ ಒಂದು ಸಲವೂ "ಸರ್, ಇದರಲ್ಲಿ ಎರಡೇ ಬರುತ್ತದೆ" ಅನ್ನಲಿಲ್ಲ. ಮೆನುವಿನಲ್ಲೂ ಎಷ್ಟು ತುಂಡು ಅಂತ ಬರೆದಿಲ್ಲ. ಬಾವ್ ಇನ್ನೂ ಎರಡು ಪ್ಲೇಟ್ ಹೇಳಿದೆವು, ಅದು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಅಮ್ಮ "ನನಗೆ ಸಾಕು, ನೀವು ತಿನ್ನಿ" ಅಂತ ಕೂತಿದ್ದರು, ಅವರದೇ ಮದುವೆಯ ದಿನ. ಬೆಂಗಳೂರಿನ ಯಾವ ದರ್ಶಿನಿಗೆ ಬೇಕಾದರೂ ಹೋಗಿ, ಬೈಟು ಕಾಫಿ ಅಂದರೆ ಎರಡು ಲೋಟಕ್ಕೆ ಸಮ ಸಮ ಬಗ್ಗಿಸಿ ಕೊಡುತ್ತಾರೆ. ಹಂಚಿಕೊಂಡು ತಿನ್ನುವುದು ಈ ಊರಿಗೆ ಹೊಸದಲ್ಲ. ಹಂಚಿಕೊಂಡು ತಿನ್ನಿ ಅಂತಲೇ ಹೇಳುವ ಹೋಟೆಲು ಎಷ್ಟು ಜನ ಕೂತಿದ್ದಾರೆ ಅಂತ ನೋಡಬೇಡವೇ? ಜನಕ್ಕೊಂದರಂತೆ ಐದು ತುಂಡು ಹಾಕಿ, ಅದಕ್ಕೆ ತಕ್ಕ ದುಡ್ಡು ತೆಗೆದುಕೊಳ್ಳಲಿ, ನಾವು ಸಂತೋಷವಾಗಿ ಕೊಡುತ್ತೇವೆ.

ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ಮೊದಲೇ ಸೇರಿಸಿದ್ದರು. ಹಾಗೆ ತಾವಾಗಿಯೇ ಸೇರಿಸಬಾರದು ಅಂತ ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೇಳಿದ ಕೂಡಲೇ ತೆಗೆದರು, ತಕರಾರು ಮಾಡಲಿಲ್ಲ. ಒಂಬತ್ತು ಪ್ಲೇಟ್, ಎರಡು ತಿರಮಿಸು, ಐದು ಪಾನಕ, ಐದು ಪರ್ಸೆಂಟ್ ಜಿಎಸ್‌ಟಿ ಎಲ್ಲ ಸೇರಿ 5,733 ರೂಪಾಯಿ ಆಯಿತು. ಜಾಸ್ತಿಯೇ. ಆದರೂ ಆ ಅಡುಗೆಮನೆಯಲ್ಲಿ ಕೈರುಚಿ ಗೊತ್ತಿರುವವರು ಇದ್ದಾರೆ, ಇನ್ನೊಂದು ಸಲ ಹೋಗುತ್ತೇನೆ.

ನೀವು ಇಂಥ ಕಡೆ ಹೋಗುವುದಾದರೆ ವಾರದ ಮಧ್ಯೆ ಹೋಗಿ, ಶನಿವಾರ ಹಾಡಿನ ಗಲಾಟೆಯಲ್ಲಿ ಹಿರಿಯರಿಗೆ ಮಾತೇ ಕೇಳಿಸುವುದಿಲ್ಲ. ಕಾರು ನಿಲ್ಲಿಸಲು ಜಾಗವಿಲ್ಲ, ಮೆಟ್ರೋ ಇಳಿದು ಆಟೊ ಹಿಡಿಯುವುದೇ ವಾಸಿ. ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ, ಎರಡೆರಡು ಪ್ಲೇಟ್ ತರಲು ಹೇಳಿ. ಒಂದರಲ್ಲಿ ಎಷ್ಟು ತುಂಡು ಅಂತ ಪ್ರತಿ ಸಲವೂ ಕೇಳಿ. ಐದು ಜನ ಇದ್ದರೆ ಪತ್ರೊಡೆ ಎರಡು ಪ್ಲೇಟ್ ಮೊದಲೇ ಹೇಳಿಬಿಡಿ.