ಐಸಿಜಿ ಕ್ಯಾಮೆರಾ: ದಾರಿ ತೋರುತ್ತದೆ, ಆಳ ಕೇಳಬೇಡಿ

ಸೆಂಟಿನೆಲ್ ದುಗ್ಧಗ್ರಂಥಿಯನ್ನು, ಅಂದರೆ ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಗ್ರಂಥಿಯನ್ನು, ಹುಡುಕುವ ಫ್ಲೋರೆಸೆನ್ಸ್ ಕ್ಯಾಮೆರಾ ನೋಡಲು ಬಂದವರು ಮೊದಲು ವಿಚಾರಿಸುವುದು ಚಿತ್ರ ಹೇಗಿದೆ ಅಂತ. ಅದರಲ್ಲಿ ತಕರಾರಿಲ್ಲ. ಸ್ತನದ ತೊಟ್ಟಿನ ಸುತ್ತ ಐಸಿಜಿ (ಇಂಡೋಸಯನೈನ್ ಗ್ರೀನ್ ಎಂಬ ಹೊಳೆಯುವ ಬಣ್ಣ) ಚುಚ್ಚಿ ಕೆಲವು ನಿಮಿಷ ನೀವಿದರೆ, ಕಂಕುಳತ್ತ ಹೊರಟ ದುಗ್ಧನಾಳ ಚರ್ಮ ಕೊಯ್ಯುವ ಮೊದಲೇ ಪರದೆಯಲ್ಲಿ ಬೆಳ್ಳಿಗೆರೆಯಾಗಿ ಮೂಡುತ್ತದೆ. ಗೆರೆ ಮಾಯವಾದ ಕಡೆ ನಾಳ ಆಳಕ್ಕಿಳಿದಿದೆ, ಅಲ್ಲೇ ಪೆನ್ನಿನಿಂದ ಗುರುತು ಹಾಕಬೇಕು.

ಅದರಾಚೆಗೆ ಕ್ಯಾಮೆರಾ ಕುರುಡು. ಸುಮಾರು 1 ಸೆಂ.ಮೀ.ಗಿಂತ ಆಳದ ಹೊಳಪು ಕೊಬ್ಬಿನಲ್ಲೇ ಚದುರಿಹೋಗುತ್ತದೆ. ದಪ್ಪ ಮೈಯವರ ಕಂಕುಳಲ್ಲಿ ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಚುಚ್ಚಿ, ಆ ವಿಕಿರಣವನ್ನು ಎಣಿಸುವ ಗಾಮಾ ಪ್ರೋಬ್ ಈಗಲೂ ಬೇಕೇ ಬೇಕು. ಅದಕ್ಕೊಂದು ಅಳತೆಯೂ ಇದೆ: ಅತಿ ಹೆಚ್ಚು ಎಣಿಕೆ ಕೊಟ್ಟ ಗ್ರಂಥಿಯ 10% ಮೀರಿದವನ್ನೆಲ್ಲ ತೆಗೆಯುವುದು. ಕ್ಯಾಮೆರಾದಲ್ಲಿ ಅಂಥ ಅಂಕಿ ಸಿಗದು. ಐಸಿಜಿ ಸಣ್ಣ ಅಣುವಾದ್ದರಿಂದ ತಡಮಾಡಿದಷ್ಟೂ ಮುಂದಿನ ಸಾಲಿನ ಗ್ರಂಥಿಗಳೂ ಬೆಳಗತೊಡಗುತ್ತವೆ, ಬೇಡದವೂ ಹೊರಬರುತ್ತವೆ.

ಇಷ್ಟಾದರೂ, ಹಲವು ಸಲ ವೈಫಲ್ಯಕ್ಕೆ ಕಾರಣ ಯಂತ್ರವಲ್ಲ, ಸಿರಿಂಜು. 25 ಮಿ.ಗ್ರಾಂ. ಪುಡಿಯನ್ನು ಇಂಜೆಕ್ಷನ್‌ಗೆಂದೇ ಇರುವ ಸ್ಟೆರೈಲ್ ನೀರಿನಲ್ಲೇ ಕರಗಿಸಬೇಕು. ಸಲೈನ್‌ನಲ್ಲಿ ಅಣುಗಳು ಗುಂಪುಗೂಡುತ್ತವೆ. ಸ್ತನಕ್ಕಲ್ಲದೆ ಗರ್ಭಕಂಠಕ್ಕೆ ಚುಚ್ಚುವುದಾದರೆ 20 ಮಿ.ಲೀ. ನೀರು ಬೆರೆಸಿ, ಅಂದರೆ ಮಿ.ಲೀ.ಗೆ 1.25 ಮಿ.ಗ್ರಾಂ. ಮಾಡಿಕೊಂಡು, ಗಡಿಯಾರದ 3 ಮತ್ತು 9ರ ಎರಡೂ ಜಾಗದಲ್ಲಿ ತಲಾ ಮೇಲ್ಪದರಕ್ಕೆ 1 ಮಿ.ಲೀ., ಆಳಕ್ಕೆ 1 ಮಿ.ಲೀ., ಒಟ್ಟು 4 ಮಿ.ಲೀ. ಗಾಢವಾದರೆ ಹೆಚ್ಚು ಹೊಳೆಯುತ್ತದೆ ಅನ್ನುವುದು ತಪ್ಪೆಣಿಕೆ. ಸಾಂದ್ರತೆ ಮಿತಿ ಮೀರಿದರೆ ಬಣ್ಣ ತನ್ನ ಬೆಳಕನ್ನು ತಾನೇ ನುಂಗುತ್ತದೆ. ಕರಗಿಸಿದ್ದನ್ನು 6 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ. ಪುಡಿಯಲ್ಲಿ ಸೋಡಿಯಂ ಅಯೋಡೈಡ್ ಇರುವುದರಿಂದ ಅಲರ್ಜಿ ಇದೆಯೇ ಎಂದು ರೋಗಿಯನ್ನು ಮೊದಲೇ ಕೇಳಿಬಿಡಿ.

ಇನ್ನು ಬಣ್ಣ ಚೆಲ್ಲುವ ಮತ್ತು ಸುಳ್ಳು ಹೊಳಪಿನ ಕಥೆ. ದುಗ್ಧನಾಳ ಕತ್ತರಿಸಿದರೆ ಬಣ್ಣ ಸೋರಿ ಇಡೀ ಗಾಯ ಬೆಳಗುತ್ತದೆ. ಗಾಜ್, ಕೈಗವಸು ಎಲ್ಲವೂ 'ಗ್ರಂಥಿ'ಯೇ! ಮೊದಲು ಕ್ಲಿಪ್, ಆಮೇಲೆ ಕತ್ತರಿ. ಮೇಲಿನ ಸರ್ಜಿಕಲ್ ದೀಪ ಬೇರೆಡೆ ತಿರುಗಿಸದಿದ್ದರೆ ಪರದೆ ಬಿಳುಚುತ್ತದೆ. ಲೆನ್ಸ್ ಎದುರಿನ ಸ್ಟೆರೈಲ್ ಕವರ್‌ನ ಮಡಿಕೆಯೂ ಸುಳ್ಳು ಹೊಳಪು ಕೊಡುತ್ತದೆ.

ಹೊಳೆಯುವುದು ಬಣ್ಣ, ಕ್ಯಾನ್ಸರ್ ಅಲ್ಲ. ಗಡ್ಡೆಯಿಂದ ಪೂರ್ತಿ ತುಂಬಿದ ಗ್ರಂಥಿಗೆ ಬಣ್ಣ ನುಗ್ಗುವುದೇ ಇಲ್ಲ, ಅದು ಕಪ್ಪಾಗಿಯೇ ಕೂತಿರುತ್ತದೆ. ಹಾಗಾಗಿ ಮುಚ್ಚುವ ಮುಂಚೆ ಬೆರಳಾಡಿಸಿ, ಗಟ್ಟಿಯಾಗಿ ತಗುಲಿದ್ದನ್ನು ಹೊಳೆಯದಿದ್ದರೂ ತೆಗೆಯಿರಿ.