ಬ್ಯಾಂಕಾಕ್‌ನಲ್ಲಿ ಇಳಿದ ಕೂಡಲೇ ನೆಟ್ ಬಂತು, ಎಡವಿದ್ದು ಅಲ್ಲೇ

ಟ್ರಾವೆಲ್ ಇಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ, ಪ್ರವಾಸದಲ್ಲಿ ನೆಟ್‌ಗೆ ಬಳಸುವ ಸಿಮ್) ಕೊಂಡು ವಿದೇಶಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ನಾನು ಇಸಿಮ್‌ಗೆ ಕೊಟ್ಟಿದ್ದು 1,150 ರೂಪಾಯಿ. ಊರಿಗೆ ಬಂದ ಮೇಲೆ ನನ್ನ ಮಾಮೂಲಿ ನಂಬರಿಗೆ ಬಂದ ಬಿಲ್ಲು 11 ಸಾವಿರ ಚಿಲ್ಲರೆ. ಆ ಇಸಿಮ್ ಮಾತ್ರ ಕೊನೆಯವರೆಗೂ ಒಂದು ಎಂಬಿ ಡೇಟಾ ಕೊಡಲಿಲ್ಲ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಮ್ಮನಿಗೆ ಅರವತ್ತೆಂಟು, ವಿಮಾನದಲ್ಲಿ ಗಡಿ ದಾಟಿದವಳಲ್ಲ. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ ಅಂತ ನಾವಿಬ್ಬರೇ ಏಳು ದಿನಕ್ಕೆ ಥೈಲ್ಯಾಂಡ್‌ಗೆ ಹೊರಟೆವು. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಲಿಂಕ್ ಹಾಕಿದ್ದರು. ಏಳು ದಿನ, ‘ಅನ್‌ಲಿಮಿಟೆಡ್’. ಕೆಳಗೆ ಸಣ್ಣ ಅಕ್ಷರದಲ್ಲಿ ದಿನಕ್ಕೆ 1 ಜಿಬಿ ಆದ ಮೇಲೆ ವೇಗ ಇಳಿಯುತ್ತದೆ ಅಂತ ಬರೆದಿತ್ತು. ಅಲ್ಲಿಯವರೆಗೆ ಹೋಗುವ ಭಾಗ್ಯವೇ ನನಗೆ ಬರಲಿಲ್ಲ, ಬಿಡಿ.

ಮೇಲ್‌ನಲ್ಲಿ ಕ್ಯೂಆರ್ ಕೋಡ್ ಬಂತು. ಅದೇ ಫೋನಿನಲ್ಲಿರುವ ಕೋಡನ್ನು ಅದೇ ಫೋನಿನ ಕ್ಯಾಮೆರಾಗೆ ತೋರಿಸುವುದು ಹೇಗೆ? ಫಡ್ಕೆ ರೋಡಿನ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿದೆ. ಮನೆಯ ವೈಫೈ ಮೇಲೆ ಸ್ಕ್ಯಾನ್ ಮಾಡಿದೆ, ಇಸಿಮ್ ಕೂತಿತು. ಹೊರಡುವ ಹಿಂದಿನ ದಿನ ನನ್ನ ಮಾಮೂಲಿ ಮೊಬೈಲ್ ಕಂಪನಿಯ ಕೌಂಟರಿಗೂ ಹೋಗಿದ್ದೆ. ಬ್ಯಾಂಕಿನ ಒಟಿಪಿ ಅಲ್ಲೂ ಬರಬೇಕು ಅಂದಾಗ ಅಲ್ಲಿದ್ದವರು, "ರೋಮಿಂಗ್ ಆನ್ ಮಾಡ್ಕೊಳ್ಳಿ" ಅಂದರು. ಮನೆಗೆ ಬಂದು ಫೋನಿನಲ್ಲಿ ‘ಡೇಟಾ ರೋಮಿಂಗ್’ (ಬೇರೆ ಕಂಪನಿಯ ನೆಟ್‌ವರ್ಕಿನಲ್ಲಿ ನಮ್ಮ ಸಿಮ್‌ನ ನೆಟ್ ಓಡಲು ಬಿಡುವುದು) ಅಂತ ಕಂಡ ಗುಂಡಿಯನ್ನು ಹಸಿರು ಮಾಡಿದೆ. ನನ್ನ ದುಡ್ಡು ಹೋಗಿದ್ದು ಆ ಗುಂಡಿಯಿಂದಲೇ.

ಮುಂಬೈಯ ಟರ್ಮಿನಲ್ 2ರಲ್ಲಿ ಕೂತು ಮೊಬೈಲ್ ಡೇಟಾಗೆ ಇಸಿಮ್ ಆರಿಸಿಕೊಂಡೆ. ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದು ಏರೋಪ್ಲೇನ್ ಮೋಡ್ ತೆಗೆದರೆ ಒಂದೇ ನಿಮಿಷದಲ್ಲಿ ನೆಟ್! ಇಷ್ಟು ಸುಲಭವಾ ಅಂತ ಖುಷಿಯಾಯಿತು. ಟ್ಯಾಕ್ಸಿಯಲ್ಲಿ ಅಮ್ಮ ನನ್ನ ಫೋನಿನಿಂದ ಕುಮಟಾದ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿ ಫ್ಲೈಓವರ್, ಟೋಲ್ ಗೇಟು, ಡ್ರೈವರನ ತಲೆಯ ಹಿಂಭಾಗ ಎಲ್ಲ ತೋರಿಸಿದಳು. ಹೋಟೆಲ್ ಸೇರಿದ ಮೇಲೆ ರೂಮು, ಬಾತ್‌ರೂಮು, ಕಿಟಕಿ. ಅನ್‌ಲಿಮಿಟೆಡ್ ಅಲ್ವಾ, ನಾನೂ ಸುಮ್ನಿದ್ದೆ. ಫೋಟೋಗಳೆಲ್ಲ ತಾವಾಗಿಯೇ ಕ್ಲೌಡ್‌ಗೆ ಏರುತ್ತಿದ್ದವು.

ರಾತ್ರಿ ಹತ್ತೂವರೆಗೆ ಒಂದು ಎಸ್ಎಂಎಸ್ ಬಂತು. ನಮ್ಮ ಭಾರತದ ನಂಬರಿಗೆ, ನಮ್ಮ ಕಂಪನಿಯಿಂದ. ರೋಮಿಂಗ್ ಡೇಟಾ ಬಳಕೆ ಮಿತಿ ಮುಟ್ಟುತ್ತಿದೆ ಅಂತ. ಕೈಕಾಲು ತಣ್ಣಗಾಯಿತು. ಸೆಟ್ಟಿಂಗ್ಸ್ ತೆಗೆದು ಭಾರತದ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿದೆ. ತಕ್ಷಣ ನೆಟ್ ಸತ್ತುಹೋಯಿತು.

ಆಗ ಅರ್ಥವಾಯಿತು. ಇಡೀ ದಿನ ಓಡಿದ್ದು ಇಸಿಮ್ ಅಲ್ಲವೇ ಅಲ್ಲ. ಐಫೋನಿನಲ್ಲಿ ಮೊಬೈಲ್ ಡೇಟಾ ಒಳಗೆ ‘ಅಲೋ ಮೊಬೈಲ್ ಡೇಟಾ ಸ್ವಿಚಿಂಗ್’ ಅಂತ ಇನ್ನೊಂದು ಗುಂಡಿ ಇರುತ್ತದೆ. ಅದು ಆನ್ ಇದ್ದರೆ, ನೀವು ಆರಿಸಿದ ಲೈನಿನಲ್ಲಿ (ಅಂದರೆ ಸಿಮ್‌ನಲ್ಲಿ) ನೆಟ್ ಸಿಗದಾಗ ಫೋನು ಕೇಳದೆ ಇನ್ನೊಂದು ಲೈನಿನಿಂದ ಎಳೆದುಕೊಳ್ಳುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದ್ದೇ ಇದೆ. ಊರಿನಲ್ಲಿ ಇದು ಉಪಕಾರ, ಪರದೇಶದಲ್ಲಿ ಜೇಬುಗಳ್ಳ. ಯಾವ ಲೈನಿನಿಂದ ಎಷ್ಟು ಹೋಗಿದೆ ಅಂತ ಅದೇ ಪುಟದ ಕೆಳಗೆ ಲೆಕ್ಕ ಇತ್ತು. ಇಳಿದ ಹತ್ತು ನಿಮಿಷಕ್ಕೆ ಅದನ್ನೊಮ್ಮೆ ನೋಡಿದ್ದರೆ ಸಾಕಿತ್ತು. ನೆಟ್ ಬಂದಿದೆಯಲ್ಲ, ಯಾರು ನೋಡುತ್ತಾರೆ?

ಹಾಗಾದರೆ ಇಸಿಮ್ ಯಾಕೆ ಓಡಲಿಲ್ಲ? ಇದು ನನಗೆ ಗೊತ್ತಾಗಿದ್ದು ವಾಪಸ್ ಬಂದ ಮೇಲೆ. ಟ್ರಾವೆಲ್ ಇಸಿಮ್ ಹೆಚ್ಚಾಗಿ ಆ ದೇಶದ್ದಾಗಿರುವುದಿಲ್ಲ. ಬೇರೆ ಯಾವುದೋ ದೇಶದ ಕಂಪನಿಯ ನಂಬರು, ಥೈಲ್ಯಾಂಡ್‌ಗೆ ಅದೂ ನಮ್ಮ ಹಾಗೇ ಅತಿಥಿ. ಹಾಗಾಗಿ ಇಸಿಮ್ ಲೈನಿಗೆ ಡೇಟಾ ರೋಮಿಂಗ್ ಆನ್ ಇರಬೇಕು, ಭಾರತದ ಸಿಮ್‌ಗೆ ಆಫ್ ಇರಬೇಕು. ನಾನು ಸರಿಯಾಗಿ ಉಲ್ಟಾ ಮಾಡಿಟ್ಟಿದ್ದೆ. ಆ ರಾತ್ರಿ ಒಂದು ಗುಂಡಿ ಒತ್ತಿದ್ದರೆ ಬಹುಶಃ ಎಲ್ಲ ಸರಿಹೋಗುತ್ತಿತ್ತು.

ಅದರ ಬದಲು ಹೋಟೆಲ್ ವೈಫೈಯಲ್ಲಿ ಮಾರಿದವರ ಚಾಟ್‌ಗೆ ಬರೆದೆ. ಮೂರು ಗಂಟೆ ಬಿಟ್ಟು ಉತ್ತರ ಬಂತು: ಇಸಿಮ್ ಡಿಲೀಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿ. ಹೇಳಿದ ಹಾಗೆ ಮಾಡಿದೆ. ‘ಈ ಕೋಡ್ ಈಗಾಗಲೇ ಬಳಕೆಯಾಗಿದೆ.’ ಇಂಥ ಕ್ಯೂಆರ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಫೋನಿನಿಂದ ಅಳಿಸಿದಿರೋ, ಮುಗಿಯಿತು ಅಂತಲೇ ಲೆಕ್ಕ. ಯಾರು ಏನೇ ಹೇಳಲಿ, ಡಿಲೀಟ್ ಮಾತ್ರ ಒತ್ತಬೇಡಿ. ಹೊಸ ಕೋಡ್ ಕೊಡಿ ಅಂದರೆ ಹೊಸದು ಕೊಳ್ಳಿ ಅಂದರು. ದುಡ್ಡು ವಾಪಸ್ ಕೇಳಿದರೆ, ಸ್ಕ್ಯಾನ್ ಆದ ಮೇಲೆ ರೀಫಂಡ್ ಇಲ್ಲ ಅಂತ ನಿಯಮ ತೋರಿಸಿದರು. ಅವರಿಗೆ ಫೋನ್ ನಂಬರ್ ಇಲ್ಲ, ವಿಳಾಸ ಇಲ್ಲ. ದೂರಸಂಪರ್ಕ ಇಲಾಖೆಯ ಅನುಮತಿ (ಎನ್ಒಸಿ) ಇಲ್ಲದೆ ಭಾರತದಲ್ಲಿ ವಿದೇಶಿ ಸಿಮ್ ಮಾರುವಂತಿಲ್ಲ. ಅದೇ ಕಾರಣಕ್ಕೆ 2024ರ ಜನವರಿಯಲ್ಲಿ ಎರಡು ದೊಡ್ಡ ಇಸಿಮ್ ಆಪ್‌ಗಳನ್ನು ಇಲ್ಲಿ ತೆಗೆಸಿದ್ದರು. ಈ ಸುದ್ದಿ ಆಗಲೇ ಓದಿದ್ದೆ ನಾನು. ಲಿಂಕ್ ಒತ್ತುವಾಗ ನೆನಪಾಗಲಿಲ್ಲ ಅಷ್ಟೇ.

ಮರುದಿನ ಬೆಳಿಗ್ಗೆ ಪಾಸ್‌ಪೋರ್ಟ್ ತೋರಿಸಿ ಅಲ್ಲಿಯದೇ ಟೂರಿಸ್ಟ್ ಸಿಮ್ ಕೊಂಡೆ. ಅಲ್ಲಿಯ ದುಡ್ಡಿನಲ್ಲಿ 300 ಬಾಟ್ ಒಳಗೇ ಆಯಿತು. ಆಮೇಲೆ ಇನ್ನೊಂದು ತೊಡಕು. ನನ್ನ ಫೋನಿನಲ್ಲಿ ಸಿಮ್ ಹಾಕುವ ಜಾಗ ಒಂದೇ. ಭಾರತದ ಸಿಮ್ ತೆಗೆದರೆ ಒಟಿಪಿ ಇಲ್ಲ, ಒಟಿಪಿ ಕೇಳುವ ಕಡೆ ಕಾರ್ಡ್ ನಡೆಯುವುದಿಲ್ಲ. ಅಮ್ಮನ ಹಳೆಯ ಫೋನಿನಲ್ಲಿ ಎರಡು ಸಿಮ್ ಜಾಗ ಇತ್ತು. ಅವಳ ಸೆರಗಿನ ಪಿನ್ನಿನಿಂದಲೇ ಟ್ರೇ ತೆಗೆದು ಥಾಯ್ ಸಿಮ್ ಹಾಕಿ, ಅವಳ ಹಾಟ್‌ಸ್ಪಾಟ್‌ಗೆ ನನ್ನ ಫೋನ್ ಕಟ್ಟಿದೆ.

ಉಳಿದ ಆರು ದಿನ ಅಮ್ಮ ಎಲ್ಲಿ, ನೆಟ್ ಅಲ್ಲಿ. ವಾಟ್ ಫೋ ದೇವಾಲಯದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಿ ಅಮ್ಮ ಪಾದದ ಹತ್ತಿರ ನಿಂತುಬಿಟ್ಟಳು. ನಾನು ತಲೆಯ ಹತ್ತಿರ ಬಂದು ವಾಪಸ್ ಹೋಗಲು ಟ್ಯಾಕ್ಸಿ ಬುಕ್ ಮಾಡಲು ನೋಡಿದರೆ ನೆಟ್ ಇಲ್ಲ. "ಅಮ್ಮಾ, ಸ್ವಲ್ಪ ಹತ್ತಿರ ಬಾ" ಅಂದರೆ, "ನಿನ್ನ ಫೋನಿಗೋಸ್ಕರ ನಾನು ದೇವರ ಮುಂದಿಂದ ಏಳಬೇಕಾ?" ಅಂದಳು.

ಬಿಲ್ಲು ಬಂದಾಗ ಅದೇ ಕೌಂಟರಿಗೆ ಹೋದೆ. ಹುಡುಗ "ತಾಯಿ" ಅಂತಲೇ ಶುರು ಮಾಡಿದ (ಮರಾಠಿಯ ಅಕ್ಕ, ಕನ್ನಡದ ಅಮ್ಮ ಅಲ್ಲ). ಒಟಿಪಿಗೆ ಬೇಕಾದ ರೋಮಿಂಗ್ ಸೇವೆ ಬೇರೆ, ಅದು ನಂಬರಿನ ಮೇಲೆ ಕಂಪನಿಯವರು ತೆರೆದುಕೊಡುವಂಥದ್ದು. ಫೋನಿನ ಡೇಟಾ ರೋಮಿಂಗ್ ಗುಂಡಿಯೇ ಬೇರೆ, ಅದು ಆಫ್ ಇದ್ದರೂ ಎಸ್ಎಂಎಸ್ ಬರುತ್ತದೆ ಅಂತ ಎರಡು ನಿಮಿಷದಲ್ಲಿ ತಿಳಿಸಿ ಹೇಳಿದ. ಹೊರಡುವ ಮುಂಚೆ ಇಷ್ಟು ಹೇಳಬಾರದಿತ್ತಾ? ಬಿಲ್ಲಿನಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ. ಮೇಲೆ 18% ಜಿಎಸ್‌ಟಿ ಬೇರೆ.

ಚಿಕ್ಕಮ್ಮನಿಗೆ ಮಾತ್ರ ಈ ವಿಷಯ ಹೇಳಿಲ್ಲ. ಗೊತ್ತಾದರೆ ಪಾಪ, ಅರ್ಧ ದುಡ್ಡು ಕಳಿಸಿಬಿಡುತ್ತಾಳೆ.